ರಫು ಅಂಗಡಿಯ ಬಲ್ಬುಗಳು

ಹರಿದ ಬಟ್ಟೆಗೆ ಅಮ್ಮ ರಫು ಮಾಡಿದಳೆಂದರೆ, ಹರಿದದ್ದೆಲ್ಲಿ ಎಂದು ಬಟ್ಟೆಯ ಯಜಮಾನನೇ ಹುಡುಕಿ ಸೋಲಬೇಕು. ಸೋಲಲಿ ಎಂದು ಅವಳೂ ತುಟಿ ಬಿಗಿದು ಕೂತಿರುತ್ತಿದ್ದಳು. ಬಿಗುಮಾನಕ್ಕೇನೂ ಕೊರತೆಯಿರಲಿಲ್ಲ. ಅವಳು ನಂಬದ ವಸ್ತು ಒಂದೇ, ದೀಪ. ನೂಲು ಆರಿಸುವಾಗಲೆಲ್ಲ ಬಟ್ಟೆ ಎತ್ತಿಕೊಂಡು ಬೀದಿಗೆ ಹೋಗಿ, ಬಿಸಿಲಲ್ಲಿ ಹಿಡಿದು ನೋಡಿ ಬರಬೇಕು. ಅದಕ್ಕೆಂದೇ ಕೆಲಸಕ್ಕೆ ಕೂತಾಗಲೂ ಚಪ್ಪಲಿ ಕಾಲಲ್ಲೇ.

ಮಗಳು ಸ್ವಂತ ಅಂಗಡಿ ಹಿಡಿದದ್ದು ದೊಡ್ಡ ಕಟ್ಟಡವೊಂದರ ಮಹಡಿಯ ಮೇಲೆ, ಒಳಗೆಲ್ಲೋ. ಕಿಟಕಿ ಎಂಬುದಿಲ್ಲ. ಬೀದಿ ಕಾಣಬೇಕಾದರೆ ಮೆಟ್ಟಿಲಿಳಿಯಬೇಕು, ಅಮ್ಮನ ಮಂಡಿಗಳೋ ಮುಷ್ಕರ ಹೂಡಿ ವರ್ಷವಾಗಿತ್ತು. ಮಗಳಿಗೆ ಹೊಲಿಗೆ ಬರುತ್ತಿತ್ತು, ರಫು ಇನ್ನೂ ಕೈಗೆ ಹತ್ತಿರಲಿಲ್ಲ. ಅಮ್ಮ ಬಂದು ಕೂರದಿದ್ದರೆ ಅಂಗಡಿ ತೆರೆದೂ ಪ್ರಯೋಜನವಿಲ್ಲ. ಅಮ್ಮ ಒಮ್ಮೆ ಬಂದವಳು, ಸೀಲಿಂಗಿನ ಗೂಡುಗಳಲ್ಲಿ ಹುದುಗಿದ್ದ ಹಳೆಯ ಬಲ್ಬುಗಳನ್ನು ನೋಡಿ, ಈ ಗುಹೆಯಲ್ಲಿ ಕಾಗೆಯೂ ಗಿಳಿಯೂ ಒಂದೇ ಬಣ್ಣ ಎಂದು ಹೇಳಿ ಹೊರಟುಹೋಗಿದ್ದಳು.

ಮಗಳು ಒಂದು ಕಪ್ಪು, ಒಂದು ಕಡುನೀಲಿ ನೂಲಿನುಂಡೆಯನ್ನು ಚೀಲಕ್ಕೆ ಹಾಕಿಕೊಂಡು ಬಲ್ಬಿನಂಗಡಿಗೆ ಹೋದಳು. ಒಂದೊಂದು ಬಲ್ಬ್ ಹೊತ್ತಿಸಿದಾಗಲೂ ಎರಡನ್ನೂ ಅಕ್ಕಪಕ್ಕ ಹಿಡಿಯುವುದು, ಬೇಡವೆಂದು ತಲೆಯಾಡಿಸುವುದು. ಕಣ್ಣು ಕುಕ್ಕುವ ಬಿಳಿ ಬಲ್ಬಿನಡಿ ಎರಡೂ ಕಪ್ಪು. ಹಳದಿಯಡಿ ಇನ್ನಷ್ಟು ಕಪ್ಪು.

"ಏನಕ್ಕಾ, ನೂಲಿಗೆ ಗಂಡು ನೋಡ್ತಿದ್ದೀರಾ?" ಎಂದ ಅಂಗಡಿಯವನು.

"ಗಂಡು ಸಿಗಬಹುದಣ್ಣ. ನಮ್ಮಮ್ಮ ಒಪ್ಪಬೇಕಲ್ಲ."

ಅಲ್ಲಿಂದ ಅವನಿಗೂ ಹಟ ಬಂತು. ಬಣ್ಣವನ್ನು ಇದ್ದ ಹಾಗೇ ತೋರಿಸುವ ಬಲ್ಬುಗಳೇ ಬೇರೆ ಇವೆಯೆಂದು ಒಳಗಿನಿಂದ ತಂದು ಹೊತ್ತಿಸಿದ. ನೀಲಿ ಥಟ್ಟನೆ ಕಪ್ಪಿನ ಸಂಗ ಬಿಟ್ಟಿತು. ಇಷ್ಟಕ್ಕೇ ಅವಳು ಬಿಡಲಿಲ್ಲ. ಗೂಡಿನೊಳಗಿನ ಕಾವಿಗೆ ಕೆಡದಂಥದ್ದು ಬೇಕು, ಬೆಳಕು ಒಂದೇ ಕಡೆ ಸುರಿಯದೆ ಹರಡಬೇಕು, ಇಲ್ಲದಿದ್ದರೆ ಅಮ್ಮನ ಕೈಯ ನೆರಳೇ ಅವಳ ಸೂಜಿಗೆ ಅಡ್ಡ ಬರುತ್ತದೆ ಎಂದಳು. ಅದನ್ನೂ ಹುಡುಕಿ ಕೊಟ್ಟ.

ಅಂಗಡಿ ತೆರೆದ ದಿನ ಮೊದಲು ಬಂದದ್ದು ಕಡುನೀಲಿ ಕೋಟು, ತೋಳಿನ ಮೇಲೊಂದು ತೂತು. ಮಗಳು ಹೇಗೋ ಒಪ್ಪಿಸಿ ಕರೆತಂದಿದ್ದ ಅಮ್ಮ ತಲೆಯೆತ್ತಿ ಹೊಸ ಬಲ್ಬುಗಳನ್ನೊಮ್ಮೆ ಗುರಾಯಿಸಿದಳು. ಉಂಡೆಗಳ ರಾಶಿಯಿಂದ ಒಂದನ್ನು ಆರಿಸಿದಳು. ಆಮೇಲೆ ಕೋಟನ್ನೂ ನೂಲನ್ನೂ ಎತ್ತಿಕೊಂಡು, ಗೋಡೆ ಹಿಡಿದು, ಮೆಟ್ಟಿಲಿಳಿದೇಬಿಟ್ಟಳು. ಮಗಳು ಮೆಟ್ಟಿಲ ತುದಿಗೆ ಬಂದು ಕೆಳಗೆ ಇಣುಕಿದಳು.

ಮರಳಿ ಬಂದಾಗ ಅಮ್ಮನ ಕೈಯಲ್ಲಿದ್ದದ್ದು ಅದೇ ಉಂಡೆ.

"ಬಿಸಿಲೂ ಪರವಾಗಿಲ್ಲ" ಎಂದಳು. ಕೂತು, ಚಪ್ಪಲಿ ಬಿಚ್ಚಿ, ಕಾಲಿಂದ ಮೇಜಿನಡಿಗೆ ತಳ್ಳಿದಳು.

ಸಂಜೆ ಕೋಟಿನವರು ಬಂದು ತೋಳನ್ನು ತಿರುಗಿಸಿ ಮುರುಗಿಸಿ ನೋಡಿದರು, ತೂತು ಸಿಗಲಿಲ್ಲ. ಬೇರೆ ದಿನವಾಗಿದ್ದರೆ ಅಮ್ಮ ತುಟಿ ಬಿಗಿದೇ ಕೂತಿರುತ್ತಿದ್ದಳು.

"ನಿಧಾನವಾಗಿ ಹುಡುಕಿ, ಬೆಳಕು ಚೆನ್ನಾಗಿದೆ" ಎಂದಳು. "ನನ್ನ ಮಗಳು ಆರಿಸಿದ್ದು."