ಬಾಗಿಲ ಹಿಂದಿನ ಗೋಡೆ

"ನಿನ್ನ ಗೋಡೆ ಗೆದ್ದುಬಿಡ್ತು ಕಣಪ್ಪ," ಎಂದಳು ಅತ್ತಿಗೆ, ಹೊಸಿಲು ದಾಟುವ ಮೊದಲೇ. "ಆ ಬರಹ ಒಂದಿದ್ರೆ ಸಾಕಂತೆ. ಈ ಕೋಣೆಯಿಂದ ನಿಮ್ಮನ್ನ ಯಾರೂ ಎಬ್ಬಿಸೋ ಹಾಗಿಲ್ಲವಂತೆ. ಸಾಹೇಬರೇ ಹೇಳಿದ್ರು."

ಸುಣ್ಣದವನ ಕೈಯಲ್ಲಿ ಕುಂಚ ಇತ್ತು. ಬಕೆಟ್ಟಿನ ತಳದಲ್ಲಿ ಇನ್ನೊಂದಿಷ್ಟು ಸುಣ್ಣ ಉಳಿದಿತ್ತು. 

ಅತ್ತಿಗೆ ಅವನ ಸತ್ತ ಅಣ್ಣನ ಹೆಂಡತಿ. ಜಮೀನು ಕಚೇರಿಯಲ್ಲಿ ಕಸ ಗುಡಿಸುತ್ತಾಳೆ. ಹದಿನೈದು ದಿನದಿಂದ ಸಾಹೇಬರ ಮೇಜು ಒರೆಸುವಾಗಲೆಲ್ಲ ಮೈದುನನ ವಿಷಯ ಎತ್ತಿ, ಬೈಸಿಕೊಂಡು, ಮಾರನೇ ದಿನ ಮತ್ತೆ ಎತ್ತಿ, ಅಂತೂ ಇವತ್ತು ಅವರ ಬಾಯಿಂದ ಇಷ್ಟು ಮಾತು ಹೊರಡಿಸಿದ್ದಳು. ಬರಹವನ್ನು ಅವರು ಕಣ್ಣಾರೆ ನೋಡಬೇಕಂತೆ.

ಆ ಬರಹ ಶುರುವಾಗಿದ್ದು ಅವನ ಅಜ್ಜನ ಕಾಲದಲ್ಲಿ. ಕೋಣೆಯ ಮುಂದಿರುವ ದೊಡ್ಡ ಮನೆಯನ್ನು ಕಟ್ಟಿಸಿದವನು ಒಬ್ಬ ಧಾನ್ಯದ ವ್ಯಾಪಾರಿ. ಮೂವತ್ತೆರಡು ಕಿಟಕಿ, ಎರಡು ಮಹಡಿ, ಮೇಲೊಂದು ಗಡಿಯಾರ. ಅದಕ್ಕೆಲ್ಲ ಮೊದಲ ಸುಣ್ಣ ಹೊಡೆದವನು ಅಜ್ಜ. ವ್ಯಾಪಾರಿ ಮೆಚ್ಚಿ ಹಿತ್ತಲಿನ ಕೋಣೆ ಕೊಟ್ಟ. ಕಾಗದದಲ್ಲಿ ಬರೆದುಕೊಡಲು ಹೋದರೆ ಅಜ್ಜ ಬೇಡವೆಂದನಂತೆ. ಕಾಗದವನ್ನು ಗೆದ್ದಲು ತಿನ್ನುತ್ತದೆ, ಗೋಡೆಯನ್ನು ಹೇಗೆ ಕಾಯಬೇಕೆಂದು ನನಗೆ ಗೊತ್ತು, ಅಲ್ಲೇ ಬರೆಯಿರಿ ಎಂದನಂತೆ. ವ್ಯಾಪಾರಿ ನಕ್ಕು, ಇದ್ದಿಲು ತಗೊಂಡು, ಬಾಗಿಲ ಹಿಂದೆ ಬರೆದ: ಈ ಕೋಣೆ ಸುಣ್ಣದವನದು, ಅವನ ಮಕ್ಕಳದು. ಕೆಳಗೆ ತಾರೀಖು, ರುಜು.

ವ್ಯಾಪಾರಿ ಸಾಲದಲ್ಲಿ ಮುಳುಗಿದ. ಒಬ್ಬ ವಕೀಲ ಮನೆ ಕೊಂಡ. ಬಾಗಿಲ ಹಿಂದೆ ಇಣುಕಿ, ಇಂಥ ಪತ್ರ ಯಾವ ಕೋರ್ಟಲ್ಲೂ ನೋಡಿಲ್ಲ ಎಂದು ಹೊಟ್ಟೆ ಹಿಡಿದು ನಕ್ಕು, ಕೋಣೆ ಸುಣ್ಣದವನದೇ ಎಂದು ತಾನೂ ಒಂದು ಸಾಲು ಬರೆದ. ವಕೀಲನ ಮಕ್ಕಳು ಕಿತ್ತಾಡಿ ಮನೆಯನ್ನು ಇಬ್ಬರು ಅಕ್ಕತಂಗಿಯರಿಗೆ ಮಾರಿದರು. ಅವರೂ ಬರೆದರು. ಆಮೇಲೆ ಬಂದದ್ದು ಶಾಲೆ. ಹೆಡ್‌ಮೇಷ್ಟ್ರು ಮೊದಲು ವ್ಯಾಪಾರಿಯ ಕಾಗುಣಿತ ತಿದ್ದಿ, ಆಮೇಲೆ ತಮ್ಮ ಸಾಲು ಬರೆದರು. ದೊಡ್ಡ ಮನೆಗೆ ಹೊಡೆದ ಬಣ್ಣ ವ್ಯಾಪಾರಿಗೆ ಹಳದಿ, ವಕೀಲನಿಗೆ ನೀಲಿ, ಅಕ್ಕತಂಗಿಯರಿಗೆ ಬರೀ ಬಿಳಿ, ಶಾಲೆಗೆ ಹಸಿರು. ಯಾರು ಬಂದರೂ ಬಣ್ಣ ಬದಲಾಗುತ್ತಿತ್ತು, ಕುಂಚ ಮಾತ್ರ ಸುಣ್ಣದವನ ಮನೆತನದ್ದೇ. ವರ್ಷಕ್ಕೊಮ್ಮೆ ತಮ್ಮ ಕೋಣೆಗೆ ಸುಣ್ಣ ಹೊಡೆಯುವಾಗ ಆ ಮೊಳದಗಲ ಜಾಗವನ್ನು ಬಿಟ್ಟು ಹೊಡೆಯುತ್ತಿದ್ದರು.

ಈಗ ಮನೆ ಒಂದು ಕಂಪನಿಯದು. ಹಿತ್ತಲು ಒಡೆದು ಕಾರು ನಿಲ್ಲಿಸುತ್ತಾರಂತೆ. ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಿ ಅಂತ ನೋಟೀಸು ಬಂದಿತ್ತು.

ಅತ್ತಿಗೆ ಬಾಗಿಲು ಸರಿಸಿ ಹಿಂದೆ ನೋಡಿದಳು. ಗೋಡೆ ಹಾಲಿನ ಹಾಗಿತ್ತು.

"ಎಲ್ಲೋ?"

ಅವನು ಕುಂಚ ಕೆಳಗಿಟ್ಟ. ಕೇಳಿದ್ದಕ್ಕೆ ಒಂದೊಂದೇ ಹೇಳಿದ. ಮೊನ್ನೆ ಕಂಪನಿಯ ಮ್ಯಾನೇಜರ್ ಬಂದಿದ್ದರು. ಬಾಗಿಲ ಹಿಂದೆ ತುಂಬಾ ಹೊತ್ತು ನಿಂತು ಓದಿದರು. ಭುಜದ ಮೇಲೆ ಕೈ ಹಾಕಿದರು. ಯಜಮಾನರು ಮನೆ ನೋಡಲು ಬರುತ್ತಾರೆ, ಹಳೇ ಗೀಚು ಚೆನ್ನಾಗಿರಲ್ಲ, ಬೆಳ್ಳಗೆ ಮಾಡಿಡು, ಅದರ ಮೇಲೆ ಅವರೇ ಹೊಸದಾಗಿ ಬರೆದುಕೊಡುತ್ತಾರೆ ಎಂದರು.

"ನೀನು ನಂಬಿದೆ."

"ಬಂದೋರೆಲ್ಲ ಬರೆದಿದ್ರಲ್ಲ ಅತ್ತಿಗೆ."

ಒಲೆಯ ಹತ್ತಿರ ಕೂತಿದ್ದ ಅವನ ಹೆಂಡತಿ ತಲೆ ಎತ್ತಲಿಲ್ಲ. ಬೇಡ ಅಂದೆ, ಎಂದಳು. ಒಂದು ಸಲ ಹೊಡೆದಾಗ ಅಕ್ಷರ ಇನ್ನೂ ಕಾಣುತ್ತಿತ್ತು, ಅಷ್ಟಕ್ಕೇ ಬಿಡು ಅಂತಲೂ ಅಂದೆ. ಕೇಳಲಿಲ್ಲ. ಕಲೆ ಕಾಣುವ ಹಾಗೆ ಸುಣ್ಣ ಹೊಡೆದರೆ ಅಜ್ಜ ಉಗಿಯುತ್ತಿದ್ದ ಅಂತ ಎರಡನೇ ಸಲ ಹೊಡೆದರು. ಈಗ ಅಂಟು ಬೆರೆಸಿ ಮೂರನೇ ಸಲ.

ಅತ್ತಿಗೆ ಚಮಚದ ಹಿಡಿಯಿಂದ ಒಣಗಿದ್ದ ಒಂದು ಮೂಲೆಯನ್ನು ಮೆಲ್ಲಗೆ ಕೆರೆದಳು. ಬೆರಳಗಲದ ಹಕ್ಕಳೆ ಎದ್ದು ಅವನ ಅಂಗೈಗೆ ಬಿತ್ತು. ಹಿಂದಕ್ಕೆ ತಿರುಗಿಸಿದರೆ ಇದ್ದಿಲೆಲ್ಲ ಅದಕ್ಕೇ ಅಂಟಿಕೊಂಡಿತ್ತು. ಗೋಡೆಯ ಮೇಲೆ ಏನೂ ಉಳಿದಿರಲಿಲ್ಲ. ನೋಡುತ್ತಿದ್ದಂತೆ ಹಕ್ಕಳೆ ಪುಡಿಯಾಯಿತು. ಅದು ವ್ಯಾಪಾರಿಯ ರುಜುವಿನ ಬಾಲ.

"ಸಾಕು ಅತ್ತಿಗೆ, ಕೆರೀಬೇಡಿ," ಎಂದ.

ಹೊರಗೆ ಬೂಟಿನ ಸದ್ದಾಯಿತು. ಮ್ಯಾನೇಜರ್ ಬಾಗಿಲಲ್ಲೇ ನಿಂತು ಕತ್ತು ಚಾಚಿದರು.

"ಭೇಷ್. ಇಡೀ ಬಂಗಲೆಯಲ್ಲಿ ಇಷ್ಟು ಚೆನ್ನಾಗಿರೋ ಗೋಡೆ ಇನ್ನೊಂದಿಲ್ಲ ನೋಡು."

ಸುಣ್ಣದವನು ಕೈ ಜೋಡಿಸಿದ. ಅಂಗೈಯ ಇದ್ದಿಲ ಪುಡಿ ಎರಡೂ ಕೈಗೆ ಮೆತ್ತಿತು. "ಸ್ವಾಮಿ, ಯಜಮಾನರು ಯಾವಾಗ ಬರೀತಾರೆ?"

"ಏನು ಬರೆಯೋದು?"

ಅವನು ಗೋಡೆಯ ಕಡೆ ತೋರಿಸಿದ. ಮ್ಯಾನೇಜರ್ ಆ ಕಡೆ ನೋಡಲಿಲ್ಲ. ಜಮೀನು ಕಚೇರಿಯಿಂದ ಫೋನ್ ಬಂದಿತ್ತು, ಸಾಹೇಬರು ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಬರುತ್ತಾರಂತೆ, ಏನು ತೋರಿಸಬೇಕೋ ತೋರಿಸಿ ಎಂದು ಹೇಳಿ ಹೊರಟರು.

"ಹತ್ತಕ್ಕೆ ಇರ್ತೀವಿ," ಎಂದಳು ಅತ್ತಿಗೆ, ಅವರ ಬೆನ್ನಿಗೆ. "ಮೂರು ಜನವೂ ಈ ಗೋಡೆ ಮುಂದೆಯೇ ಇರ್ತೀವಿ."