ಹಲಗೆ ಗೋಡೆ, ಎರಡು ಮೌಸ್

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ಸುನಿಲ್ದಾಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕಳ್ಳಮಾಲಿಗೆ ಹೆಸರಾದ ಗಡಿಯೂರು ಸಿಯುದಾದ್ ದೆಲ್ ಎಸ್ತೆಯಲ್ಲಿ ಹುಟ್ಟಿದವಳು ಅವಳು. ಸೇತುವೆ ಕಡೆಯ ಬೀದಿಯಲ್ಲಿ ಫೋನು ಕೊಂಡು, ಮನೆಗೆ ಹೋಗಿ ಡಬ್ಬ ಬಿಚ್ಚಿದರೆ ಸೋಪಿನ ಬಿಲ್ಲೆ ಸಿಕ್ಕಿತಂತೆ ಎಂಬ ಕಥೆಗಳನ್ನು ಕೇಳುತ್ತಲೇ ಬೆಳೆದಿದ್ದಳು. ಅಲ್ಲಿನವರು ಮಾಲನ್ನು ಅಂಗಡಿಯ ಮೇಜಿನ ಮೇಲೆಯೇ ಬಿಚ್ಚಿಸಿ, ಓಡಿಸಿ ನೋಡದೆ ಕಾಸು ಬಿಚ್ಚುವುದಿಲ್ಲ.

ಶನಿವಾರ ವೈರಿಲ್ಲದ ಮೌಸ್ ಕೊಳ್ಳಲು ಹೋದಾಗ ಅಂಗಡಿಯವನ ಪ್ರಾಣ ತಿಂದಿದ್ದಳು. ಒಂದು ಅಂಗೈಗೆ ದೊಡ್ಡದಾಯಿತು, ಇನ್ನೊಂದರ ಚಕ್ರ ಜಾರಿತು, ಮತ್ತೊಂದರ ಟಿಕ್‌ಟಿಕ್ ತಲೆ ತಿಂದಿತು. ಕಡೆಗೆ ಬೂದುಬಣ್ಣದ್ದೊಂದು ಕೈಯಲ್ಲಿ ಹದವಾಗಿ ಕೂತಿತು. ಅಂಥದೇ ಎರಡು ಕೇಳಿದಳು. ಒಂದು ತನಗೆ, ಇನ್ನೊಂದು ಅತ್ತಿಗೆ ನಿಮಿಯಾಳಿಗೆ.

“ಎರಡೂ ಒಟ್ಟಿಗೇ ಚುಚ್ಚು. ನನ್ನ ಕಣ್ಣೆದುರಿಗೇ ಓಡ್ಬೇಕು.”

ಅವನು ಉಗುರಿನಷ್ಟಿದ್ದ ಎರಡು ರಿಸೀವರ್‌ಗಳನ್ನೂ ತನ್ನ ಕಂಪ್ಯೂಟರಿಗೆ ಚುಚ್ಚಿದ. ಎರಡು ಮೌಸೂ ಓಡಿದವು. ಡಬ್ಬಕ್ಕೆ ಹಾಕಲು ಅವನು ಕೈ ಚಾಚಿದ್ದೇ ತಡ, ಸುನಿಲ್ದಾ ಅಡ್ಡ ಬಂದಳು.

“ಮುಟ್ಬೇಡಪ್ಪಾ. ನಿಮ್ಮ ಕೈಚಳಕ ನಂಗೊತ್ತು. ನಾನೇ ತುಂಬ್ಕೋತೀನಿ.”

“ಗಂಡನ್ನ ಆರಿಸ್ವಾಗ್ಲೂ ಹಿಂಗೇ ಮಾಡಿದ್ರಾ ಅಮ್ಮಾ?”

“ಅದಕ್ಕೇ ಮದ್ವೆ ಆಗ್ಲಿಲ್ಲ ಕಣೋ!”

ಮದುವೆ, ಹುಟ್ಟುಹಬ್ಬದ ಕಾರ್ಡುಗಳನ್ನು ಬಿಡಿಸಿ ಅಚ್ಚು ಹಾಕುವ ಅಂಗಡಿ ಸುನಿಲ್ದಾಳದು. ಹಲಗೆ ಗೋಡೆಯಾಚೆ ನಿಮಿಯಾಳ ಜೆರಾಕ್ಸ್ ಅಂಗಡಿ. ಇವರಿಬ್ಬರ ಜಗಳ ತಾಳಲಾರದೆ ಆ ಗೋಡೆ ಬಡಿದವನು ಎಲಾದಿಯೊ, ಸುನಿಲ್ದಾಳ ಅಣ್ಣ, ನಿಮಿಯಾಳ ಗಂಡ. ಅವನು ತೀರಿಕೊಂಡ ಮೇಲೆ ಜಗಳಕ್ಕೂ ತ್ರಾಣ ಉಳಿಯಲಿಲ್ಲ. ಗೋಡೆ ಕಿತ್ತು ಒಂದೇ ಅಂಗಡಿ ಮಾಡೋಣ ಎಂದು ನಿಮಿಯಾಳೇ ಕೇಳಿದ್ದಳು. ಸೋಮವಾರ ಬಡಗಿ ಬರುವವನಿದ್ದ. ಒಂದೇ ಅಂಗಡಿಗೆ ಒಂದೇ ಥರದ ಮೌಸ್ ಇರಲಿ ಎಂದು ಸುನಿಲ್ದಾ ಉಡುಗೊರೆ ಕೊಟ್ಟಿದ್ದಳು.

ಸೋಮವಾರ ಬೆಳಿಗ್ಗೆ ತನ್ನ ಹೊಸ ಮೌಸ್ ಹಿಡಿದರೆ ಪರದೆಯ ಬಾಣ ಕದಲಲೇ ಇಲ್ಲ. ಸೆಲ್ ತೆಗೆದು ಹಾಕಿದಳು, ಊದಿದಳು, ಮೇಜಿಗೆ ಕುಕ್ಕಿದಳು. ಊಹೂಂ. ಕೈಬಿಟ್ಟು ಅಂಗಡಿಯವನ ವಂಶಕ್ಕೆಲ್ಲ ಶಾಪ ಹಾಕುತ್ತಿರುವಾಗ ಬಾಣ ತಾನೇ ಹೊರಟಿತು! ಮೂಲೆಗೆ ಓಡಿತು, ತಿರುಗಿತು, ಅವಳ ಕಾರ್ಡು ಮಾದರಿಗಳ ಫೋಲ್ಡರಿನ ಮೇಲೆ ನಿಂತು ಟಕ್ಕನೆ ಅದನ್ನು ತೆರೆಯಿತು.

ನಿದ್ದೆಗೆಟ್ಟು ವರ್ಷಗಟ್ಟಲೆ ಬಿಡಿಸಿದ ಹೂಬಳ್ಳಿಗಳೆಲ್ಲ ಅದರಲ್ಲೇ ಇದ್ದವು. ಹಲಗೆಯಾಚೆ ಏನೋ ಪಿಸುಮಾತು. ಕಿವಿ ಆನಿಸಿದಳು.

“ಹೇಳಿ... ಬೀಳಿಸ್ಲಾ? ಹೂಂ ಅನ್ನಿ...”

ನಿಮಿಯಾಳ ದನಿ. ಯಾವ ಕಳ್ಳನ ಜೊತೆ ಮಾತು? ಗೋಡೆ ಬೀಳಿಸಿ ತನ್ನನ್ನೇ ಬೀಳಿಸುವ ಹುನ್ನಾರವೇ? ಅತ್ತಿಗೆಗೆ ದಿಢೀರನೆ ಪ್ರೀತಿ ಉಕ್ಕಿದ್ದು ಇದಕ್ಕೇ ಅನ್ನು! ಸುನಿಲ್ದಾಳ ಮೈಯೆಲ್ಲ ಉರಿದುಹೋಯಿತು. ಸತ್ತ ಮೌಸನ್ನೇ ಮೇಜಿನ ಮೇಲೆ ಪರಪರ ಉಜ್ಜಿದಳು. ಆಚೆಯಿಂದ “ಅಯ್ಯೋ ದೇವ್ರೇ!” ಎಂಬ ಕೂಗು ಕೇಳಿತು. ಕಳ್ಳಿ ಸಿಕ್ಕಿಬಿದ್ದಳು ಎಂದುಕೊಂಡಳು.

ಸ್ವಲ್ಪ ಹೊತ್ತಿಗೆ ಅಂಗಡಿಗಳ ಹಿತ್ತಿಲ ಮಾವಿನ ಮರದಡಿ ನಿಮಿಯಾ ದಿನದಂತೆ ತೆರೆರೆ ಹದ ಮಾಡಿದಳು. ಕೊಂಬಿನ ಲೋಟದಲ್ಲಿ ಎಲೆಪುಡಿ, ಮಂಜುಗಡ್ಡೆಯ ನೀರು, ಇಬ್ಬರಿಗೂ ಒಂದೇ ಕೊಳವೆ.

“ತಗೋ ಸುನಿಲ್ದಾ, ಇವತ್ತು ಪುದೀನ ಜಜ್ಜಿ ಹಾಕಿದೀನಿ.”

“ಥ್ಯಾಂಕ್ಸ್, ಅತ್ತಿಗೆ.”

ನಿಮಿಯಾಳ ಕೈ ಅಲ್ಲೇ ನಿಂತಿತು. ಕುಡಿದು ಸಾಕಾದ ಮೇಲೆ ಆಡುವ ಮಾತು ಅದು. ಒಂದು ಗುಟುಕೂ ಕುಡಿಯದೆ ಆಡಿದರೆ, ನೀನು ಬಾಯಿಟ್ಟ ಕೊಳವೆ ನನಗೆ ಬೇಡ ಎಂದ ಹಾಗೆ.

“ಏನಾಯ್ತೇ?”

“ಬಡಗಿಗೆ ಬರ್ಬೇಡ ಅನ್ನಿ. ಗೋಡೆ ಇರೋವಾಗ್ಲೇ ಈಚೆ ಕೈ ಹಾಕೋರ ಜೊತೆ ನಂಗೆ ಅಂಗಡಿ ಬೇಡ.”

“ಕಾಕುಪೆ ಮಾತೆಯಾಣೆ, ನಂಗೊಂದೂ ಅರ್ಥ ಆಗ್ತಿಲ್ಲ!”

“ನಡೀರಿ, ಅರ್ಥ ಮಾಡಿಸ್ತೀನಿ!”

ತನ್ನ ಮೌಸನ್ನು ಮುಷ್ಟಿಯಲ್ಲಿ ಹಿಡಿದು ಸುನಿಲ್ದಾ ಅತ್ತಿಗೆಯ ಅಂಗಡಿಗೆ ನುಗ್ಗಿದಳು. ಉಡುಗೊರೆಯ ಮೌಸ್ ಕಸೂತಿ ಬಟ್ಟೆಯ ಮೇಲೆ ದೇವರ ಹಾಗೆ ಕೂತಿತ್ತು. ಪಕ್ಕದ ಪೇಪರಿನಡಿಯಿಂದ ಹಳೆಯ ಮೌಸಿನ ವೈರು ಇಣುಕುತ್ತಿತ್ತು.

“ಇದ್ಯಾಕೆ ಬಚ್ಚಿಟ್ಟಿದೀರಿ?”

ನಿಮಿಯಾ ತಲೆ ತಗ್ಗಿಸಿದಳು. “ನೀ ಕೊಟ್ಟಿದ್ದು ಓಡ್ತಿಲ್ಲ ಕಣೇ. ಬೆಳಿಗ್ಗೆಯಿಂದ ಅಲ್ಲಾಡ್ಸಿ, ಒತ್ತಿ ಸಾಕಾಯ್ತು. ಪ್ರೀತಿಯಿಂದ ತಂದಿದ್ದು, ಕೆಟ್ಟಿದೆ ಅನ್ನೋಕೆ ಬಾಯಿ ಬರ್ಲಿಲ್ಲ. ಆದ್ರೆ...” ದನಿ ಇಳಿಯಿತು. “ನಗ್ಬೇಡ. ನಿಮ್ಮಣ್ಣ ಬಂದಿದ್ರು.”

“ಯಾರು?”

“ನಾನು ಮುಟ್ಟೇ ಇರ್ಲಿಲ್ಲ, ಬಾಣ ತಾನಾಗೇ ಓಡ್ತು. ಗೋಡೆ ಬಡಿದೋರು ಅವ್ರು, ಕೇಳ್ದೆ ಹೆಂಗೆ ಕೀಳೋದು? ಬೀಳಿಸ್ಲಾ, ಹೂಂ ಅನ್ನಿ ಅಂದೆ. ಪರದೆ ತುಂಬ ಕುಣಿದ್ಬಿಟ್ರು ಸುನಿಲ್ದಾ! ಅಷ್ಟು ಖುಷಿ ಅವ್ರಿಗೆ.”

ಸುನಿಲ್ದಾ ಮುಷ್ಟಿ ಸಡಿಲಿಸಿ ತನ್ನ ಮೌಸನ್ನು ಮೇಜಿನ ಮೇಲಿಟ್ಟಳು. ನಿಮಿಯಾಳ ಪರದೆಯಲ್ಲಿ ಬಾಣ ಚಂಗನೆ ಹಾರಿತು.

“ನೋಡು, ನೋಡು!” ನಿಮಿಯಾ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. ಕಣ್ಣು ತುಂಬಿ ಬಂದಿತ್ತು.

ಸುನಿಲ್ದಾ ಮೌಸನ್ನು ಬೆರಳಿನಿಂದ ಇಷ್ಟೇ ಇಷ್ಟು ಸರಿಸಿದಳು. ಬಾಣವೂ ಅಷ್ಟೇ ಸರಿಯಿತು. ಒಟ್ಟಿಗೆ ಚುಚ್ಚಿಸಿದ ಎರಡು ರಿಸೀವರ್, ಅಂಗಡಿಯವನನ್ನು ತಡೆದ ತನ್ನ ಕೈ, ಎಲ್ಲ ನೆನಪಾಯಿತು. ಊರಿಗೆಲ್ಲ ಕಳ್ಳರ ಪಟ್ಟ ಕಟ್ಟಿ, ಇದರ ರಿಸೀವರನ್ನು ಅದರ ಡಬ್ಬಕ್ಕೆ ತುಂಬಿದವಳು ತಾನೇ. ಅಣ್ಣನ ಕುಣಿತವೆಂದರೆ ಅದು ತನ್ನ ಸಿಟ್ಟು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದಳು.

“ಹೂಂ ಅಂದ್ರು, ಅಲ್ವೇನೇ?” ನಿಮಿಯಾ ಕೇಳಿದಳು.

“ಹೂಂ ಅತ್ತಿಗೆ. ಅಂದ.”

ನಿಮಿಯಾ ಕಣ್ಣೊರೆಸಿಕೊಂಡು ತೆರೆರೆ ತರಲು ಹೋದಳು. ಆ ಹೊತ್ತಿಗೆ ಸುನಿಲ್ದಾ ತನ್ನ ಮೌಸನ್ನು ಕಸೂತಿ ಬಟ್ಟೆಯ ಮೇಲಿಟ್ಟು, ಅಲ್ಲಿದ್ದದ್ದನ್ನು ಜೇಬಿಗೆ ಸೇರಿಸಿದಳು.

ನಿಮಿಯಾ ಬಂದು ಮೌಸ್ ಹಿಡಿದಳು. ಬಾಣ ಅವಳ ಕೈ ಹೇಳಿದ ಹಾಗೆ ಕೇಳಿತು. ಅವಳ ಮುಖ ಅರಳಿತು, ಆಮೇಲೆ ಮೆಲ್ಲಗೆ ಬಾಡಿತು.

“ಹೊರಟ್ಹೋದ್ರು,” ಅಂದಳು.

ಸುನಿಲ್ದಾ ಜೇಬಿನಲ್ಲಿದ್ದ ಮೌಸನ್ನು ಬಿಗಿಯಾಗಿ ಹಿಡಿದುಕೊಂಡಳು. ಊರವರ ಜೇಬಿನಲ್ಲೆಲ್ಲ ಕಳ್ಳಮಾಲು ಹುಡುಕುತ್ತಿದ್ದವಳ ಜೇಬಿನಲ್ಲೇ ಈಗ ಅದು ಇತ್ತು. ಕೊಂಬಿನ ಲೋಟ ತೆಗೆದುಕೊಂಡು, ಕೊಳವೆಗೆ ಬಾಯಿಟ್ಟು ಕಡೆಯ ಹನಿಯವರೆಗೂ ಹೀರಿದಳು. ಥ್ಯಾಂಕ್ಸ್ ಅನ್ನದೆ ಲೋಟ ಹಿಂದಿರುಗಿಸಿದಳು. ನಿಮಿಯಾ ಅದಕ್ಕೆ ಮತ್ತೆ ನೀರು ತುಂಬಿದಳು.

ಬಡಗಿ ಸುತ್ತಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ.

“ಯಾವ ಕಡೆಯಿಂದ ಶುರು ಮಾಡ್ಲಿ?”

“ನನ್ನ ಕಡೆಯಿಂದ,” ಅಂದಳು ಸುನಿಲ್ದಾ.