ಪ್ರೆಸ್ ಕೂರಿಸುವ ಮೊದಲು

ಶೆಡ್ಡು ಖಾಲಿ ಮಾಡಿ ಎಂದು ಮಾಲೀಕರು ಹೇಳಿದ ದಿನದಿಂದ ಮುಚ್ಚಳದಕ್ಕನಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಡಬ್ಬಿಗಳಿಗೆ ತಗಡಿನ ಮುಚ್ಚಳ ಒತ್ತಿಕೊಡುವುದು ಅವಳ ಮನೆಯ ಕಸುಬು. ಆ ಬಾಡಿಗೆ ಶೆಡ್ಡಿನಲ್ಲಿ ಗಂಡ ತಗಡು ಹೊಡೆದು ಮುಚ್ಚಳ ಮಾಡುವ ಪವರ್ ಪ್ರೆಸ್ ಓಡಿಸುತ್ತಾನೆ. ಅವಳು ಮುಚ್ಚಳಗಳ ಅಂಚು ತಿದ್ದಿ ಕಟ್ಟು ಕಟ್ಟುತ್ತಾಳೆ. ಅದಕ್ಕೇ ಆ ಹೆಸರು. ಪ್ರೆಸ್ ನಿಂತರೆ ಮನೆಯ ಒಲೆಯೂ ನಿಂತ ಹಾಗೆ.

ಬ್ರೋಕರ್ ಒಬ್ಬ ಬೇರೆ ಕಟ್ಟಡ ತೋರಿಸಿದ. ಅಂಗಡಿ ಬೀದಿಯಲ್ಲೇ ಇತ್ತು. ಎಡಕ್ಕೆ ಟೈಲರ್ ಅಂಗಡಿ, ಎದುರಿಗೆ ಹಿಟ್ಟಿನ ಗಿರಣಿ, ಬಲಕ್ಕೆ ಗೋಡೆಗೆ ಗೋಡೆ ಅಂಟಿಕೊಂಡ ಒಂದು ಮನೆ.

"ಕಣ್ಣು ಮುಚ್ಚಿ ತಗೊಳ್ಳಿ. ಇಡೀ ಬೀದಿಯೇ ವ್ಯಾಪಾರದ್ದು" ಎಂದ ಬ್ರೋಕರ್.

ಗಂಡ ನಿಜಕ್ಕೂ ಕಣ್ಣು ಮುಚ್ಚಿಕೊಂಡೇ ಅಡ್ವಾನ್ಸ್ ಕೊಟ್ಟುಬಿಟ್ಟ.

ಪ್ರೆಸ್ ಕೆಲಸದವರಲ್ಲಿ ಒಂದು ರೂಢಿಯಿದೆ. ಮೊದಲು ಯಂತ್ರ ಕೂರಿಸುವುದು, ಆಮೇಲೆ ಪರವಾನಗಿ ಕೇಳುವುದು. ನೆಲದಲ್ಲಿ ಗುಂಡಿ ತೋಡಿ, ಕಾಂಕ್ರೀಟ್ ತುಂಬಿ, ಬೋಲ್ಟು ಹುಗಿದು, ಅದರ ಮೇಲೆ ಪ್ರೆಸ್ ಇಟ್ಟರೆ ಮುಗಿಯಿತು. ಕೂತ ಯಂತ್ರವನ್ನು ಯಾರೂ ಎಬ್ಬಿಸುವುದಿಲ್ಲ ಎಂಬ ಧೈರ್ಯ. ಗಂಡನೂ ಹಾಗೇ ಮಾಡಿದ. ಗುಂಡಿ ತೋಡಿಯಾಗಿತ್ತು. ಮಧ್ಯಾಹ್ನ ಕಾಂಕ್ರೀಟ್ ಗಾಡಿ ಬರುವುದಿತ್ತು.

ಆ ಬೆಳಿಗ್ಗೆಯೇ ಹೊಸ ಜಾಗ ನೋಡಲು ಮುಚ್ಚಳದಕ್ಕನ ಗೆಳತಿ ಬಂದಳು. ಶಾಲೆಯಲ್ಲಿ ಇಬ್ಬರದೂ ಒಂದೇ ಬೆಂಚು. ಈಗ ಗೆಳತಿ ಕಟ್ಟಡಗಳ ನಕ್ಷೆ ಬರೆಯುತ್ತಾಳೆ.

"ಏನೇ ಇದು, ನಡುಮನೇಲಿ ಬಾವಿ ತೋಡಿಸ್ತಾ ಇದ್ದೀಯಾ?"

"ಬಾವಿ ಅಲ್ಲ ಕಣೇ. ಪ್ರೆಸ್ಸಿಗೆ ಪಾಯ."

ಗೆಳತಿಯ ನಗು ಅಲ್ಲೇ ನಿಂತಿತು. "ಪ್ರೆಸ್ಸು, ಇಲ್ಲಿಯಾ? ಇದು ಯಾವ ವಲಯ ಅಂತ ಕೇಳಿದ್ರಾ?"

"ವಲಯ ಅಂದ್ರೆ?"

"ಊರಿನ ಯಾವ ಭಾಗದಲ್ಲಿ ಮನೆ, ಯಾವ ಭಾಗದಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ ಅಂತ ಮೊದಲೇ ಗುರುತು ಮಾಡಿರ್ತಾರೆ. ಅಂಗಡಿಗೆ ಅಂತ ಬಿಟ್ಟಿರೋ ಕಡೆ ಕಾರ್ಖಾನೆ ಹಾಕಿದ್ರೆ ಸುಮ್ಮನೆ ಬಿಡಲ್ಲ."

ಗಂಡ ಬೋಲ್ಟುಗಳಿಗೆ ಎಣ್ಣೆ ಸವರುತ್ತಲೇ ನಕ್ಕ. "ಬಂದ್ರಪ್ಪಾ ನಕ್ಷೆ ಮೇಡಂ! ಟೈಲರ್ ಮಿಷನ್ ಓಡಿಸ್ತಾನೆ, ಗಿರಣಿಯವನೂ ಮಿಷನ್ ಓಡಿಸ್ತಾನೆ. ನನ್ನದೇನು ಪಾಪ ಮಾಡಿದ ಮಿಷನ್ನಾ?"

"ಅಣ್ಣಾ, ಬೆಕ್ಕಿಗೂ ಮೀಸೆ ಇದೆ, ಹುಲಿಗೂ ಮೀಸೆ ಇದೆ. ಹಾಗಂತ ಹುಲಿನ ಮನೇಲಿ ಸಾಕ್ತೀರಾ?"

"ನಾಡಿದ್ದು ಶೆಡ್ಡು ಬಿಡಬೇಕು. ನಿಮ್ಮ ವಲಯ ಗಿಲಯ ಅಂತ ಕೂತ್ರೆ ಪ್ರೆಸ್ಸನ್ನ ನನ್ನ ತಲೆ ಮೇಲೆ ಹೊತ್ಕೊಳ್ಳಲಾ?"

ಮುಚ್ಚಳದಕ್ಕ ಇಬ್ಬರ ಮುಖವನ್ನೂ ನೋಡಿದಳು. ಗಂಡ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಗೆಳತಿ ಹೇಳಿದ್ದು ನಿಜವಾಗಿದ್ದರೆ?

"ಒಂದು ಮಾತು ಕೇಳಿ ಬರೋದರಲ್ಲಿ ಏನು ಹೋಗುತ್ತೆ ರೀ?"

"ಹೋಗು, ಹೋಗು. ನೀನು ಬರೋ ಹೊತ್ತಿಗೆ ಪಾಯ ತುಂಬಿರುತ್ತೆ."

ಗೆಳತಿಯ ಸ್ಕೂಟರಿನಲ್ಲಿ ಇಬ್ಬರೂ ಊರಿನ ಯೋಜನಾ ಕಚೇರಿಗೆ ಹೋದರು. ಅಲ್ಲಿ ಗೋಡೆ ತುಂಬ ಬಣ್ಣಬಣ್ಣದ ನಕ್ಷೆ. ಅಧಿಕಾರಿ ಬೆರಳಿಟ್ಟು ತೋರಿಸಿದರು. ಹಳದಿ ಇದ್ದ ಕಡೆ ಮನೆಗಳು. ನೀಲಿ ಇದ್ದ ಕಡೆ ಅಂಗಡಿ, ಕಚೇರಿ, ಸಣ್ಣಪುಟ್ಟ ಕೆಲಸ. ನೇರಳೆ ಇದ್ದ ಕಡೆ ಕಾರ್ಖಾನೆ. ಅವಳ ಬೀದಿ ನೀಲಿಯಲ್ಲಿತ್ತು.

"ಹಾಗಾದ್ರೆ ಗಿರಣಿ ಹೇಗೆ ನಡೀತಾ ಇದೆ ಸಾರ್?"

"ನೀಲಿ ವಲಯದಲ್ಲಿ ಸಣ್ಣ ಮೋಟಾರಿಗೆ ಅವಕಾಶ ಇದೆಯಮ್ಮ. ಅದಕ್ಕೊಂದು ಮಿತಿ ಇಟ್ಟಿದ್ದೇವೆ. ಗಿರಣಿ ಆ ಮಿತಿಯ ಒಳಗಿದೆ. ನಿಮ್ಮ ಮೋಟಾರು ಎಷ್ಟು ಹಾರ್ಸ್‌ಪವರಿನದು?"

ಅವಳು ಹೇಳಿದಳು. ಅಧಿಕಾರಿ ತಲೆ ಅಲ್ಲಾಡಿಸಿದರು. "ತುಂಬಾ ಮೇಲಾಯ್ತು. ಸಾಲದ್ದಕ್ಕೆ ಪ್ರೆಸ್ ಅಂದ್ರೆ ಹೊಡೆತ, ನಡುಕ. ಇದಕ್ಕೆ ಅಲ್ಲಿ ಪರವಾನಗಿ ಸಿಗಲ್ಲ. ಪರವಾನಗಿ ಇಲ್ಲದೆ ಕಾರ್ಖಾನೆಯ ವಿದ್ಯುತ್ ಸಂಪರ್ಕವೂ ಸಿಗಲ್ಲ."

"ಬದಲಾಯಿಸೋಕೆ ಬರಲ್ವಾ?"

"ಅರ್ಜಿ ಹಾಕಬಹುದು. ಅಕ್ಕಪಕ್ಕದವರ ಆಕ್ಷೇಪಣೆ ಕೇಳಬೇಕು, ತಿಂಗಳುಗಟ್ಟಲೆ ಹಿಡಿಯುತ್ತೆ. ಕೊನೆಗೆ ಆಗಲ್ಲ ಅಂತಲೂ ಬರಬಹುದು."

ಮುಚ್ಚಳದಕ್ಕ ಅಲ್ಲಿಂದಲೇ ಗಂಡನಿಗೆ ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ.

"ಗಾಡಿ ಬಂದುಬಿಟ್ಟಿದೆ ಕಣೇ. ಆ ಸದ್ದಿಗೆ ಅವರಿಗೆ ಫೋನ್ ಕೇಳ್ತಿಲ್ಲ."

"ಬೇಗ ಸ್ಕೂಟರ್ ಹತ್ತು, ಹೋಗೋಣ" ಎಂದಳು ಗೆಳತಿ.

ಅವರು ಬೀದಿ ತಿರುಗುವಾಗ ಕಾಂಕ್ರೀಟ್ ಗಾಡಿ ಬಾಗಿಲಿಗೆ ಬೆನ್ನು ಹಾಕಿ ನಿಂತಿತ್ತು. ಅದರ ಡ್ರಮ್ಮು ಗಿರಗಿರ ತಿರುಗುತ್ತಿತ್ತು. ಕಾಂಕ್ರೀಟ್ ಹರಿದು ಬರುವ ತಗಡಿನ ದೋಣಿಯನ್ನು ಗುಂಡಿಯ ಬಾಯಿಗೆ ಇಳಿಬಿಟ್ಟಾಗಿತ್ತು. ಗಂಡ ಕೈ ಎತ್ತಿ ಡ್ರೈವರಿಗೆ "ಬಿಡಿ" ಎನ್ನುವುದರಲ್ಲಿದ್ದ.

ಕೂಗಿದರೆ ಕೇಳುವ ಹಾಗಿರಲಿಲ್ಲ. ಮುಚ್ಚಳದಕ್ಕ ಸೀರೆಯ ನೆರಿಗೆ ಎತ್ತಿ ಹಿಡಿದು ನೇರ ಗುಂಡಿಗೆ ಇಳಿದಳು.

"ಏಯ್! ತಲೆ ಕೆಟ್ಟಿದೆಯಾ ನಿನಗೆ? ಮೇಲೆ ಬಾ!"

"ನಾನು ಮೇಲೆ ಬಂದ್ರೆ ಕಾಂಕ್ರೀಟು ಕೆಳಗೆ ಬರುತ್ತೆ. ಬರಲ್ಲ."

ಡ್ರೈವರ್ ಇಂಜಿನ್ ಸದ್ದು ತಗ್ಗಿಸಿ ಇಣುಕಿದ. "ಅಕ್ಕಾ, ಜಗಳ ಆಮೇಲೆ ಆಡಿ. ಹೊತ್ತಾದ್ರೆ ಇದು ನನ್ನ ಡ್ರಮ್ಮಲ್ಲೇ ಗಟ್ಟಿಯಾಗುತ್ತೆ."

ಟೈಲರ್ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಹೊರಗೆ ಬಂದ. ನಾಲ್ಕು ಜನರ ಮುಂದೆ ಗಂಡನ ಮುಖ ಕೆಂಪಗಾಯಿತು.

"ಮರ್ಯಾದೆ ತೆಗೀಬೇಡ. ಏನು ಹೇಳಿದ್ರು ಅಲ್ಲಿ?"

"ಇಲ್ಲಿ ಪ್ರೆಸ್ಸಿಗೆ ಪರವಾನಗಿ ಕೊಡಲ್ಲ. ಕರೆಂಟೂ ಕೊಡಲ್ಲ."

"ಎಲ್ಲರೂ ಹೀಗೇ ಮಾಡೋದು ಕಣೇ. ಒಂದು ಸಲ ಕೂತರೆ ಯಾರು ಎಬ್ಬಿಸ್ತಾರೆ?"

"ಎಬ್ಬಿಸಲ್ಲ ರೀ, ಬೀಗ ಹಾಕ್ತಾರೆ. ಯಾರಾದ್ರೂ ಒಂದು ದೂರು ಕೊಟ್ರೆ ಸಾಕು. ಆಗ ಬೋಲ್ಟು ಹಾಕಿದ ಪ್ರೆಸ್ಸು ಒಳಗೆ, ನಾವು ಹೊರಗೆ. ಶೆಡ್ಡಿಗೂ ಇಲ್ಲ, ಇಲ್ಲಿಗೂ ಇಲ್ಲ."

"ದೂರು ಯಾರು ಕೊಡ್ತಾರೆ? ಎಲ್ಲ ನಮ್ಮೋರೇ." ಗಂಡ ಸಿಟ್ಟಿನಲ್ಲಿ ಬಲಗಡೆಯ ಗೋಡೆಗೆ ಗೆಣ್ಣಿನಿಂದ ಎರಡು ಸಲ ಗುದ್ದಿದ.

"ಯಾರದು? ಬಾಗಿಲು ಆ ಕಡೆ ಇದೆ!" ಗೋಡೆಯ ಆಚೆಯಿಂದ ಹೆಂಗಸಿನ ದನಿ ಪಕ್ಕದಲ್ಲೇ ನಿಂತು ಹೇಳಿದಂತೆ ಕೇಳಿಸಿತು. ಹಿಂದೆಯೇ ಮಗುವೊಂದು ಎದ್ದು ಅಳತೊಡಗಿತು.

ಗಂಡ ಗೋಡೆಯ ಮೇಲೆ ಅಂಗೈ ಇಟ್ಟು ನಿಂತ. ಒಂದಿಟ್ಟಿಗೆಯ ಗೋಡೆ. ಪ್ರೆಸ್ಸಿನ ಹೊಡೆತ ಎಂಥದು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಳೆಯ ಶೆಡ್ಡಿನ ದಪ್ಪ ಗೋಡೆಯನ್ನೇ ಅದು ಸೀಳಿತ್ತು. ಇಲ್ಲಿ ಬೆಳಗಿನಿಂದ ಸಂಜೆಯವರೆಗೆ ಆ ಹೊಡೆತ ಬೀಳುವುದು ಈ ಗೋಡೆಯ ಬುಡಕ್ಕೆ, ಅದರಾಚೆ ಮಲಗುವ ಮಗುವಿನ ಕಿವಿಗೆ.

"ಇದು ಬರೀ ಕಾಗದದ ಮಾತಲ್ಲ ಅಣ್ಣಾ" ಎಂದಳು ಗೆಳತಿ, ಈ ಸಲ ಮೆಲ್ಲಗೆ. "ಕಾರ್ಖಾನೆಗಳನ್ನ ಬೇರೆ ಇಡೋದು ಇದಕ್ಕೇ. ರೈಲು ಹಳಿ ಆಚೆ ನೇರಳೆ ವಲಯ ಇದೆ. ಅಲ್ಲಿ ಶೆಡ್ಡು ಖಾಲಿ ಇವೆ. ನಾನೇ ಬಂದು ತೋರಿಸ್ತೀನಿ."

"ನಾಡಿದ್ದಕ್ಕೆ?"

"ನಾಡಿದ್ದಕ್ಕೆ ಆಗಲ್ಲ. ಹಳೇ ಮಾಲೀಕರ ಹತ್ರ ನಾವಿಬ್ಬರೂ ಹೋಗಿ ಇನ್ನಷ್ಟು ದಿನ ಕೇಳೋಣ ರೀ" ಎಂದಳು ಮುಚ್ಚಳದಕ್ಕ ಗುಂಡಿಯೊಳಗಿಂದಲೇ. "ಅವರ ಕಾಲು ಹಿಡಿದ್ರೂ ಹತ್ತು ನಿಮಿಷ. ಇಲ್ಲಿ ಬೀಗ ಬಿದ್ರೆ ವರ್ಷಗಟ್ಟಲೆ ಕಾಲು ಹಿಡೀಬೇಕು."

ಗಂಡ ಡ್ರೈವರನ ಕಡೆ ತಿರುಗಿದ. "ಗಾಡಿ ತಿರುಗಿಸಪ್ಪ. ಇವತ್ತು ಬೇಡ. ನಿನ್ನ ದುಡ್ಡು ನಿನಗೆ ಸೇರುತ್ತೆ."

ಆಮೇಲೆ ಬಗ್ಗಿ ಹೆಂಡತಿಗೆ ಕೈ ಕೊಟ್ಟ. "ಬಾ ಮಾರಾಯ್ತಿ. ಇನ್ನಾದರೂ ಮೇಲೆ ಬಾ."

ನಷ್ಟವಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಳಸದ ಕಾಂಕ್ರೀಟಿಗೂ ದುಡ್ಡು ಹೋಯಿತು. ಕಟ್ಟಡದವರು ಅಡ್ವಾನ್ಸಿನಲ್ಲಿ ಒಂದು ಪಾಲು ಹಿಡಿದುಕೊಂಡರು. ಹಳೆಯ ಮಾಲೀಕರು ಬೈದರು, ಬೈದ ಮೇಲೆ ತಿಂಗಳ ಕೊನೆಯವರೆಗೆ ಸಮಯ ಕೊಟ್ಟರು. ರೈಲು ಹಳಿಯಾಚೆ ಒಂದು ಶೆಡ್ಡು ಸಿಕ್ಕಿತು. ಈ ಸಲ ಗಂಡನೇ ಮೊದಲು ಯೋಜನಾ ಕಚೇರಿಗೆ ಹೋದ. ಪ್ರೆಸ್ ಕೂರಿಸಬಹುದು ಎಂದು ಬರೆಸಿಕೊಂಡು ಬಂದ ಮೇಲೆಯೇ ಬಾಡಿಗೆ ಮಾತಾಡಿದ. ಶೆಡ್ಡು ದೂರ, ಬಸ್ಸು ಹಿಡಿಯಬೇಕು ಎಂದು ಈಗಲೂ ಗೊಣಗುತ್ತಾನೆ. ಆದರೆ ಪ್ರೆಸ್ ಓಡುತ್ತಿದೆ. ಯಾರಾದರೂ ಬಾಗಿಲು ತಟ್ಟಿದರೆ ಎದೆ ಹೊಡೆದುಕೊಳ್ಳುವುದಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವೂ ಅಂಗಡಿ ತೆರೆಯುವ, ಗೋದಾಮು ಕಟ್ಟುವ, ಯಂತ್ರ ಹಾಕುವ ಯೋಚನೆಯಲ್ಲಿರಬಹುದು. ಪಕ್ಕದಲ್ಲಿ ಯಾರೋ ನಡೆಸುತ್ತಿದ್ದಾರೆ ಎಂಬುದು ನಿಮಗೆ ಪರವಾನಗಿಯಲ್ಲ. ಬ್ರೋಕರನ ಬಾಯಿಮಾತೂ ಪರವಾನಗಿಯಲ್ಲ. ನಿಯಮ ಊರಿಂದ ಊರಿಗೆ ಬೇರೆ; ಹಾಗಾಗಿ ನಿಮ್ಮ ಊರಿನ ಕಚೇರಿಯಲ್ಲೇ ಕೇಳಿ. ಜಾಗ ಎಲ್ಲಿದೆ, ಮಾಡುವ ಕೆಲಸ ಯಾವುದು, ಮೋಟಾರು ಎಷ್ಟರದ್ದು, ಎಂಥ ಗಾಡಿಗಳು ಬಂದುಹೋಗುತ್ತವೆ ಎಂಬುದನ್ನು ಮುಚ್ಚಿಡದೆ ಹೇಳಿ. ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ನಿಮ್ಮ ಮನೆಯ ಪಕ್ಕದಲ್ಲೇ ಯಾರಾದರೂ ಗುಂಡಿ ತೋಡುತ್ತಿದ್ದರೆ ನೀವೂ ಹೋಗಿ ವಿಚಾರಿಸಿ.

ನಾಳೆ ಅಡ್ವಾನ್ಸ್ ಕೊಡಬೇಕೆಂದಿದ್ದೀರಾ? ಹಾಗಾದರೆ ಇವತ್ತೇ ಹೋಗಿ ಕೇಳಿ ಬನ್ನಿ.